ಪ್ರತಿ: ಡೈಡೋಳ ವಿಲಾಪ ಅರ್ಧ ಸ್ವರ ಇಳಿದಂತೆ ಕೇಳಿಸುವುದೇಕೆ?

ಪುಸ್ತಕದಲ್ಲಿ ಜಿ ಮೈನರ್ (ಜಿ ಸ್ವರವನ್ನು ಆಧಾರವಾಗಿಟ್ಟ ಸ್ವರಶ್ರೇಣಿ) ಎಂದಿದೆ, ಮೊಬೈಲ್ ಟ್ಯೂನರ್, ಅಂದರೆ ಶ್ರುತಿ ಅಳೆಯುವ ಆ್ಯಪ್, ಅದಕ್ಕಿಂತ ಅರ್ಧ ಸ್ವರ ಕೆಳಗಿನ ಎಫ್ ಶಾರ್ಪ್ ಮೈನರ್ ತೋರಿಸುತ್ತಿದೆ ಎಂದಿರಿ. ಎರಡೂ ಸರಿ. ಹದಿನೇಳನೇ ಶತಮಾನದ ಇಂಗ್ಲಿಷ್ ಸಂಗೀತ ರಚನಕಾರ ಪರ್ಸೆಲ್‌ನ ‘ಡೈಡೋ ಅಂಡ್ ಈನಿಯಸ್’ ಒಪೆರಾದಲ್ಲಿ (ಸಂಗೀತ ನಾಟಕ) ರಾಣಿ ಡೈಡೋ ಸಾಯುವ ಮುನ್ನ ಹಾಡುವ ಆ ವಿಲಾಪ ಇರುವುದು ಜಿ ಮೈನರ್‌ನಲ್ಲೇ. ಆದರೆ ಹಳೆಯ ಮಾದರಿಯ ವಾದ್ಯ ನುಡಿಸುವ ತಂಡಗಳು ಸಾಮಾನ್ಯವಾಗಿ ‘ಎ’ ಸ್ವರವನ್ನು 440 ಹರ್ಟ್ಸ್ ಬದಲು 415ಕ್ಕೆ ಶ್ರುತಿ ಮಾಡಿಕೊಳ್ಳುತ್ತವೆ. ಅಂದರೆ ಅರ್ಧ ಸ್ವರ ಕೆಳಗೆ. ಟ್ಯೂನರ್‌ನಲ್ಲಿ 415 ಇಟ್ಟು ನೋಡಿ, ಜಿ ಸಿಗುತ್ತದೆ.

ನಿಧಾನವಾದಷ್ಟೂ ದುಃಖ ಹೆಚ್ಚು ಎಂಬ ನಿಮ್ಮ ಮಾತನ್ನು ಮಾತ್ರ ಒಪ್ಪಲಾರೆ. ಇಲ್ಲಿನ ದುಃಖವೆಲ್ಲ ಮಂದ್ರದಲ್ಲಿ, ಅಂದರೆ ಹಾಡಿನ ಕೆಳಗೆ ವಾದ್ಯಗಳು ನುಡಿಸುವ ತಗ್ಗು ಸ್ವರಗಳ ಸಾಲಿನಲ್ಲಿದೆ. ಜಿಯಿಂದ ಡಿವರೆಗೆ ಅರ್ಧರ್ಧ ಸ್ವರವಾಗಿ ಜಾರಿ ಮತ್ತೆ ಜಿಗೆ ಮರಳುವ ಐದು ಬಾರ್‌ಗಳ (ತಾಳದ ಆವರ್ತಗಳ) ಸಾಲು ಬಿಡದೆ ಮರುಕಳಿಸುತ್ತದೆ. ಗಾಯಕಿ ಅದು ಮುಗಿಯುವಲ್ಲಿ ನಿಲ್ಲದೆ ಎಷ್ಟೋ ಕಡೆ ಗಡಿ ದಾಟಿ ಹಾಡುತ್ತಾಳೆ. ತೀರಾ ಎಳೆದರೆ ಆ ಸಾಲು ಬಿಡಿ ಸ್ವರಗಳಾಗಿ ಚೆದುರಿ, ಈ ದಾಟುವಿಕೆ ಗಮನಕ್ಕೇ ಬರುವುದಿಲ್ಲ. ಮುಂದಿನ ಸಲ ಹಾಡನ್ನು ಬಿಟ್ಟು ಮಂದ್ರವನ್ನಷ್ಟೇ ಹಿಂಬಾಲಿಸಿ. ಹೆಡ್‌ಫೋನ್ ಹಾಕಿಕೊಳ್ಳಿ, ಮೊಬೈಲ್ ಸ್ಪೀಕರ್ ಅದನ್ನು ಅರ್ಧ ನುಂಗಿಬಿಡುತ್ತದೆ.