ಗ್ಲಾಮರ್ ಅನ್ನೋ ಪದ ನಿಜವಾಗ್ಲೂ ಸ್ಕಾಟ್ಸ್ ಭಾಷೆದಾ? ಮೊದ್ಲು ಏನ್ ಅರ್ಥ ಇತ್ತು?

ಹೌದು, ಸ್ಕಾಟ್ಸ್‌ದೇ. ಗೇಲಿಕ್ ಅಲ್ಲ ಮತ್ತೆ, ಎರಡೂ ಸ್ಕಾಟ್ಲೆಂಡಿನ ಭಾಷೆಗಳೇ, ಸುಮಾರು ಜನ ಎರಡನ್ನೂ ಒಂದೇ ಅಂದ್ಕೋತಾರೆ, ಸ್ಕಾಟ್ಸ್ ಇಂಗ್ಲಿಷ್‌ಗೆ ಒಡಹುಟ್ಟಿದ ಭಾಷೆ, ಗೇಲಿಕ್ ಬೇರೆ ಶಾಖೆದೇ.

ಮಜಾ ಏನಂದ್ರೆ ಗ್ಲಾಮರ್ ಹುಟ್ಟಿದ್ದು ಗ್ರಾಮರ್‌ನಿಂದ! ಹೌದು, ಸ್ಕೂಲಲ್ಲಿ ತಲೆ ತಿಂತಿದ್ದ ಅದೇ ವ್ಯಾಕರಣ. ಆಗೆಲ್ಲ ಗ್ರಾಮರ್ ಅಂದ್ರೆ ಲ್ಯಾಟಿನ್ ಓದು, ಓದು ಬರ್ದೇ ಇರೋ ಜನಕ್ಕೆ ಪುಸ್ತಕ ಹಿಡಿದವ್ನೆಲ್ಲ ಮಂತ್ರವಾದಿ ಥರ ಕಾಣ್ತಿದ್ದ, ಹಂಗಾಗಿ ಅದಕ್ಕೆ ಮಾಟ-ಮಂತ್ರದ ಅರ್ಥ ಅಂಟ್ಕೊಂಡು, ಸ್ಕಾಟ್ಸ್‌ನಲ್ಲಿ 'ರ' ಹೋಗಿ 'ಲ' ಆಯ್ತು. 18ನೇ ಶತಮಾನದಲ್ಲಿ ಯಾರಿಗಾದ್ರೂ ಗ್ಲಾಮರ್ ಹಾಕೋದು ಅಂದ್ರೆ ಕಣ್ಕಟ್ಟು ಮಾಡೋದು, ಇಲ್ಲದ್ದನ್ನ ಇದ್ದ ಹಾಗೆ ತೋರ್ಸೋದು. ಆಮೇಲೆ ಸ್ಕಾಟ್ಲೆಂಡಿನ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಬರವಣಿಗೆಯಿಂದ ಇಂಗ್ಲಿಷ್‌ನವ್ರಿಗೂ ಇದು ಚೆನ್ನಾಗಿ ಪರಿಚಯ ಆಯ್ತು. ನಮ್ ಸಿನಿಮಾ ಪತ್ರಿಕೆಗಳ 'ಗ್ಲಾಮರ್ ಬೊಂಬೆ' ನೋಡಿದ್ರೆ ಹಳೇ ಅರ್ಥ ಪೂರ್ತಿ ಸತ್ತಿಲ್ಲ ಅನ್ಸತ್ತೆ ನಂಗೆ.

ಇನ್ನೊಂದು, ವಿಯರ್ಡ್. ಇವತ್ತು ಇಂಗ್ಲಿಷಲ್ಲಿ ವಿಚಿತ್ರ ಅಂತ, ಸ್ಕಾಟ್ಸ್‌ನಲ್ಲಿ ಹಣೆಬರಹ ಅನ್ನೋ ಹಳೇ ಅರ್ಥ ಉಳ್ಕೊಂಡಿತ್ತು. 'ಡ್ರೀ ಯುವರ್ ವಿಯರ್ಡ್' ಅಂದ್ರೆ ನಿನ್ ಹಣೇಲಿ ಬರ್ದಿದ್ದು ನೀನೇ ಅನುಭವಿಸು ಅಂತ.