ಸೆರಗಿನೊಳಗಿನ ಕೈ

ಅವರು ಉಡುಪಿ ಕಡೆಯ ಗೇರುಬೀಜ ಫ್ಯಾಕ್ಟರಿಯ ಕೆಲಸಗಾರ್ತಿ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ನಿದ್ದೆ ಬರುವುದಿಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಅರ್ಧ ಗಂಟೆ ಮಾತಾಡಿದರೂ ಬಲಗೈ ಸೆರಗಿನಿಂದ ಹೊರಗೆ ಬರಲಿಲ್ಲ.

ಏಳು ತಿಂಗಳ ಹಿಂದೆ ಯಂತ್ರಕ್ಕೆ ಸಿಕ್ಕಿ ಮೂರು ಬೆರಳು ಹೋಗಿದ್ದವು. ಮಾಲೀಕರು ಆಸ್ಪತ್ರೆ ಖರ್ಚು ಕೊಟ್ಟು, ಅಲ್ಲಿಗೆ ಮುಗೀತು ಎಂದರಂತೆ. ಈಗ ಅಲ್ಲೇ ಬೀಜ ಆರಿಸುವ ಕೆಲಸ. ಇದನ್ನೆಲ್ಲ ಹೇಳುವಾಗ ಅವರು ಅಳಲಿಲ್ಲ. ಅತ್ತಿದ್ದು ಮಲ್ಲಿಗೆಯ ಮಾತು ಬಂದಾಗ. ಮನೆ ಹಿಂದೆ ಶಂಕರಪುರ ಮಲ್ಲಿಗೆ ಗಿಡಗಳಿವೆ. ದಿನಾ ಬೆಳಿಗ್ಗೆ ಬಾಳೆನಾರಿನಲ್ಲಿ ಹೂ ಕಟ್ಟಿ, ಚೆಂಡು ಎಣಿಸಿ ಹೂ ಮಾರುವ ಕಟ್ಟೆಗೆ ಕಳಿಸುತ್ತಿದ್ದರು. ಈಗ ಮಗಳು ಕಟ್ಟುತ್ತಾಳೆ. “ನಾನು ಸುಮ್ನೆ ಕೂತು ನೋಡುದು ಮೇಡಂ.”

ಸಂಬಳದಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ಸರಕಾರಿ ವಿಮೆಯ ಹಣ, ಹಿಡಿಯುತ್ತಾರಾ ಎಂದು ಕೇಳಿದೆ. “ಹಿಡೀತಾರೆ. ಅದು ಜ್ವರ ಬಂದ್ರೆ ಮದ್ದಿಗೆ ಅಲ್ವಾ?”

ನನಗೆ ತುಂಬಾ ಬೇಜಾರಾಗುವುದು ಇಲ್ಲೇ. ತಿಂಗಳು ತಿಂಗಳು ಹಣ ಕಟ್ಟುವವರಿಗೇ ಅದು ಯಾಕೆಂದು ಯಾರೂ ಹೇಳಿರುವುದಿಲ್ಲ. ಕೆಲಸದಲ್ಲಿ ಪೆಟ್ಟಾಗಿ ಶಾಶ್ವತ ಊನ ಉಳಿದರೆ ಇಎಸ್‌ಐ ಬದುಕಿರುವವರೆಗೂ ಹಣ ಕೊಡುತ್ತದೆ. ಕೆಲಸ ಮುಂದುವರಿಸಿದರೂ ಅದು ನಿಲ್ಲುವುದಿಲ್ಲ. ಸೇರಿ ಒಂದೇ ದಿನವಾಗಿದ್ದರೂ ಹಕ್ಕಿದೆ. ಕಾಯ್ದೆಯ ಪಟ್ಟಿಯಲ್ಲಿ ಒಂದು ಕೈಯ ಮೂರು ಬೆರಳು ಹೋದರೆ ದುಡಿಯುವ ಶಕ್ತಿ 30% ಹೋಯಿತು ಎಂದು ಲೆಕ್ಕ. ಕಾಗದ ತೆಗೆದು ಅವರ ಎದುರೇ ಲೆಕ್ಕ ಬರೆದೆ. ದಿನಕ್ಕೆ 500 ರೂಪಾಯಿ ಕೂಲಿ ಎಂದರೆ ಅದರ 90% ಅಂದರೆ 450. ಅದರಲ್ಲಿ 30%, ಅಂದರೆ ದಿನಕ್ಕೆ 135. ತಿಂಗಳಿಗೆ 4,050. ಗಾಯ ಮಾಯುವವರೆಗೆ ಮನೆಯಲ್ಲಿದ್ದ ದಿನಗಳಿಗೂ ಕೂಲಿಯ 90% ಸಿಗಬೇಕಿತ್ತು.

“40 ಪರ್ಸೆಂಟ್ ಇಲ್ಲದಿದ್ರೆ ಎಂತದೂ ಇಲ್ಲ ಅಂದ್ರು” ಎಂದರು. ಇದು ಜಾಸ್ತಿ ಜನ ಮಾಡುವ ತಪ್ಪು. 40% ಊನ ಬೇಕಿರುವುದು ಸರಕಾರದ ಅಂಗವಿಕಲರ ಮಾಸಾಶನಕ್ಕೆ. ಪೆಟ್ಟಾದವರ ಊನ ಎಷ್ಟೆಂದು ನಿರ್ಧರಿಸುವ ಇಎಸ್‌ಐ ವೈದ್ಯಕೀಯ ಮಂಡಳಿಯ ಲೆಕ್ಕವೇ ಬೇರೆ.

ಸಂಬಳದ ಚೀಟಿ, ಇಎಸ್‌ಐ ನಂಬರು, ಆಸ್ಪತ್ರೆಯ ಕಾಗದ ಜೋಡಿಸಿಕೊಳ್ಳಲು ಹೇಳಿದೆ. ಅಪಘಾತ ನೋಡಿದವರ ಹೆಸರನ್ನೂ ಬರೆದಿಡಲು ಹೇಳಿದೆ. ಇಎಸ್‌ಐ ಶಾಖಾ ಕಚೇರಿಯಲ್ಲಿ, ಮಾಲೀಕರಿಂದ ಅಪಘಾತದ ವರದಿ ಬಂದಿದೆಯಾ ಎಂದು ಕೇಳಿ. ಬಂದಿರದಿದ್ದರೆ ನೀವೇ ಅರ್ಜಿ ಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ವೈದ್ಯಕೀಯ ಮಂಡಳಿಗೆ ಕಳಿಸಿ ಎಂದು ಅದರಲ್ಲೇ ಬರೆಯಿರಿ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಸಹಾಯ ಮಾಡುತ್ತಾರೆ. ಮಾಲೀಕರಿಗೆ ಹೆದರಬೇಡಿ, ನೀವು ಯಾರ ದಾನವನ್ನೂ ಕೇಳುತ್ತಿಲ್ಲ.

ಮನಸ್ಸಿಗೆ ಒಂದೇ ಕೆಲಸ ಕೊಟ್ಟೆ. ಬೆಳಿಗ್ಗೆ ಮಗಳ ಪಕ್ಕ ಕೂತು ಮೊಗ್ಗು ಆರಿಸಿ ಕೊಡಿ. ಆಗ ಕೈ ಮುಚ್ಚಬೇಡಿ.

ಮೂರನೇ ಸಲ ಬಂದಾಗ ಕೈ ಮೇಜಿನ ಮೇಲಿತ್ತು. ಮಂಡಳಿಯಿಂದ ಇನ್ನೂ ಕರೆ ಬಂದಿರಲಿಲ್ಲ. ಆದರೆ ಸಂಘದ ವಾರದ ಸಭೆಯಲ್ಲಿ ಆ ಕೈ ಎತ್ತಿಯೇ ವಿಷಯ ಹೇಳಿದ್ದರು. ಇಎಸ್‌ಐ ಕಟ್ಟುವವರು ಅಲ್ಲಿ ಎಂಟು ಜನ. ಒಬ್ಬರಿಗೂ ಇದು ಗೊತ್ತಿರಲಿಲ್ಲ. “ಮುಂದಿನ ಭಾನುವಾರ ನೀವೇ ಬಂದು ಆ ಲೆಕ್ಕ ಹೇಳಿ ಮೇಡಂ” ಎಂದರು. ಹೋಗುತ್ತಿದ್ದೇನೆ.