ಚಿನ್ನದ ನಾಣ್ಯ ಆಮೇಲೆ, ಮೊದಲು ಎತ್ತಿನ ಲೆಕ್ಕ

ಪ್ರಶ್ನೆ: ನಾನು ತೀರ್ಥಹಳ್ಳಿಯವಳು. ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಕೋಟೆ, ಮಾಂತ್ರಿಕ, ಡ್ರ್ಯಾಗನ್ ಎಲ್ಲ ಇದೆ. ದಟ್ಟ ಕಾಡಿನ ಬೆಟ್ಟದ ಮೇಲೆ ರಾಜಧಾನಿ, ಅಲ್ಲಿ ಐವತ್ತು ಸಾವಿರ ಜನ. ನಾಯಕ ಛತ್ರದಲ್ಲಿ ಉಂಡು ಒಂದು ಚಿನ್ನದ ನಾಣ್ಯ ಎಸೆದು ಹೋಗುತ್ತಾನೆ. ಇದನ್ನು ಓದಿದ ನನ್ನ ತಮ್ಮ, "ಅಕ್ಕಾ, ಈ ಊರಿನವರು ತಿನ್ನೋದೇನು?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಥ ಲೋಕದ ವ್ಯವಹಾರವನ್ನು ಎಲ್ಲಿಂದ ಕಟ್ಟಿಕೊಂಡು ಬರಬೇಕು?

ಉತ್ತರ: ನಿಮ್ಮ ತಮ್ಮನಿಗೆ ಇವತ್ತು ಎರಡು ಕಡುಬು ಜಾಸ್ತಿ ಹಾಕಿ. ಕೇಳಬೇಕಾದ್ದನ್ನೇ ಕೇಳಿದ್ದಾನೆ.

ಬರೆಯುವವರು ಸಾಮಾನ್ಯವಾಗಿ ನಾಣ್ಯದಿಂದ ಶುರು ಮಾಡುತ್ತಾರೆ. ನೀವು ಎತ್ತಿನಿಂದ ಶುರು ಮಾಡಿ. ತಲೆಗೆ ಅರ್ಧ ಕಿಲೋ ಅಕ್ಕಿ ಅಂದರೂ ನಿಮ್ಮ ರಾಜಧಾನಿಗೆ ದಿನಕ್ಕೆ 25 ಟನ್ ಬೇಕು. ಬೆಟ್ಟದ ದಾರಿಯಲ್ಲಿ ಗಾಡಿ ಹತ್ತುವುದಿಲ್ಲ, ಹೇರೆತ್ತುಗಳೇ ಗತಿ. ಒಂದು ಎತ್ತು ಸುಮಾರು 100 ಕಿಲೋ ಹೊರುತ್ತದೆ ಅಂತಿಟ್ಟುಕೊಳ್ಳಿ. ಅಲ್ಲಿಗೆ ದಿನಕ್ಕೆ 250 ಎತ್ತು, ಒಂದು ದಿನವೂ ತಪ್ಪದೆ. ಇನ್ನು ನಮ್ಮ ಕಡೆಯ ಹಾಗೆ ನಾಲ್ಕು ತಿಂಗಳು ಮಳೆ ಹೊಡೆದು ದಾರಿ ಜಾರಿದರೆ? ಮಳೆಗಾಲಕ್ಕೆ ಮುಂಚೆಯೇ 3,000 ಟನ್ ಅಕ್ಕಿ ಕಣಜದಲ್ಲಿರಬೇಕು. ಅದು ಮುಗ್ಗದ ಹಾಗೆ, ಇಲಿ ತಿನ್ನದ ಹಾಗೆ ಕಾಯುವವರೂ ಬೇಕು. ಡ್ರ್ಯಾಗನ್‌ಗಿಂತ ಇಲಿಯೇ ದೊಡ್ಡ ಶತ್ರು ಅನ್ನಿ.

ಆಳು ಹೊತ್ತು ತಂದರೆ ಇನ್ನೂ ಕಷ್ಟ. 30 ಕಿಲೋ ಹೊತ್ತವನು ದಿನಕ್ಕೆ ಮುಕ್ಕಾಲು ಕಿಲೋ ತಿಂದರೂ, ಹತ್ತು ದಿನ ಹೋಗಿ ಹತ್ತು ದಿನ ಬರುವಷ್ಟರಲ್ಲಿ 15 ಕಿಲೋ ಅವನ ಹೊಟ್ಟೆಗೇ ಹೋಯಿತು. ಅರ್ಧ ಹೊರೆ ದಾರಿಯಲ್ಲೇ ಖರ್ಚು. ಹಾಗಾಗಿ ಅಕ್ಕಿ ನೆಲದ ಮೇಲೆ ದೂರ ಹೋಗುವುದಿಲ್ಲ, ನೀರಿನ ಮೇಲೆ ಹೋಗುತ್ತದೆ. ಬಸ್ರೂರಿನ ಅಕ್ಕಿ ಹಡಗು ಹತ್ತಿ ಪೋರ್ಚುಗೀಸರ ಗೋವಾಕ್ಕೆ ಹೋಗುತ್ತಿತ್ತು. ಅದೇ ಅಕ್ಕಿಯನ್ನು ಘಟ್ಟ ಹತ್ತಿಸಿ ಒಂದು ದೊಡ್ಡ ಪಟ್ಟಣ ಸಾಕುತ್ತೇನೆ ಅಂದರೆ ಲೆಕ್ಕ ಕೂಡುವುದಿಲ್ಲ.

ಹಾಗಾದರೆ ಬೆಟ್ಟದ ಮೇಲೆ ರಾಜಧಾನಿ ಇರಲೇಬಾರದಾ? ಇರಬಹುದು. ನಮ್ಮಲ್ಲೇ ಇತ್ತಲ್ಲ! ಕೆಳದಿ ನಾಯಕರು ಕೆಳದಿಯಿಂದ ಇಕ್ಕೇರಿಗೆ ಬಂದರು, ಅಲ್ಲಿಂದ ಬಿದನೂರಿಗೆ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರಕ್ಕೆ. ಅಂಥ ಮಳೆ ಸುರಿಯುವ ಜಾಗ ಯಾಕೆ? ಅದು ಘಟ್ಟದ ನೆತ್ತಿ. ಕುಂದಾಪುರ, ಬಸ್ರೂರಿನ ಕಡೆ ಇಳಿಯುವ ದಾರಿ ಅಲ್ಲೇ. ಮೆಣಸು, ಅಡಿಕೆ ಕೆಳಗಿಳಿಯಬೇಕು, ಉಪ್ಪು ಮೇಲೆ ಬರಬೇಕು. ನಡುವೆ ಸುಂಕದ ಕಟ್ಟೆ ಹಾಕಿಕೊಂಡು ಕೂತವನು ದೊರೆ.

ಮೆಣಸಿನ ಗುಟ್ಟು ತೂಕದಲ್ಲಿದೆ. ಒಂದು ಹೇರು ಅಕ್ಕಿಗೂ ಒಂದು ಹೇರು ಮೆಣಸಿಗೂ ಅದೇ ಎತ್ತು, ಅದೇ ಮೇವು, ಅದೇ ದಾರಿ. ಆದರೆ ಮೆಣಸಿನ ಹೇರು ಸಾಗಣೆ ಖರ್ಚನ್ನು ನುಂಗಿ ಮೇಲೆ ಲಾಭವನ್ನೂ ಕೊಡುತ್ತದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಸುಮ್ನೆ ಅಲ್ಲ. 1623ರಲ್ಲಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದಿದ್ದ. ಜೊತೆಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಲ್ಲೆ ಆ ದಾರಿಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಲ್ಲಿ ಬರೆದು, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುವುದನ್ನು ಕಂಡು ಬರೆದಿಟ್ಟಿದ್ದಾನೆ. ನನಗೆ ಬಹಳ ಇಷ್ಟವಾದ ಚಿತ್ರ ಅದು. ನಿಮ್ಮ ಕಾದಂಬರಿಯಲ್ಲೂ ಲೆಕ್ಕ ಬಲ್ಲ ಒಂದು ಮಗು ಇರಲಿ.

ಈಗ ನಾಣ್ಯಕ್ಕೆ ಬರೋಣ. ಇಕ್ಕೇರಿಯ ವರಹ ಅಂದರೆ ಮೂರೂವರೆ ಗ್ರಾಂ ಹತ್ತಿರದ ಚಿನ್ನ. ಒಂದು ವರಹಕ್ಕೆ ಹತ್ತು ಹಣ. ಹಣವೂ ಚಿನ್ನದ್ದೇ, ಆದರೆ ಬೆರಳ ಸಂದಿಯಲ್ಲಿ ಜಾರಿಹೋಗುವಷ್ಟು ಚಿಕ್ಕದು. ಅದರ ಕಾಲು ಭಾಗ ಹಾಗ. ಒಂದು ಊಟಕ್ಕೆ ವರಹ ಎಸೆದರೆ ಛತ್ರದವನು ಖುಷಿಪಡುವುದಿಲ್ಲ, ಹೆದರುತ್ತಾನೆ. ಕದ್ದ ಮಾಲಿರಬೇಕು ಅನ್ನುತ್ತಾನೆ. ಚಿಲ್ಲರೆಯಂತೂ ಕೊಡಲಾರ.

ಹಳ್ಳಿಯಲ್ಲಿ ನಾಣ್ಯವೇ ಅಪರೂಪ. ಕಮ್ಮಾರ, ಬಡಗಿ, ಅಗಸ ಇವರಿಗೆ ಪ್ರತಿ ಕೆಲಸಕ್ಕೂ ಕೂಲಿ ಇಲ್ಲ. ಸುಗ್ಗಿಯಲ್ಲಿ ಕಣದಿಂದಲೇ ಇಷ್ಟು ಭತ್ತ ಅಂತ ಆಯ ಸಿಗುತ್ತದೆ. ಉಳಿದದ್ದು ಸಾಲದ ಮೇಲೆ. ಇದು ನಮಗೆ ಹೊಸದೇನಲ್ಲ ಅಲ್ವಾ? ಅಡಿಕೆ ಬೆಳೆಗಾರರು ಮಳೆಗಾಲದ ಖರ್ಚಿಗೆ ಶಿವಮೊಗ್ಗದ ಮಂಡಿಯಲ್ಲಿ ಮುಂಗಡ ತಂದು, ಅಡಿಕೆ ಹಾಕಿದಾಗ ಲೆಕ್ಕ ತೀರಿಸುವುದನ್ನು ನೀವೇ ನೋಡಿರುತ್ತೀರಿ. ನಿಮ್ಮ ನಾಯಕನೂ "ಬರೆದುಕೊಳ್ಳಿ" ಅಂತ ಹೇಳಿ ಎದ್ದು ಹೋಗಲಿ. ಮುಂದೆ ಆ ಸಾಲವೇ ಕಥೆಗೆ ಬರುತ್ತದೆ.

ಇನ್ನೊಂದು ಮಾತು. ನಿಮ್ಮ ರಾಜ ತೆರಿಗೆ ಎತ್ತುತ್ತಾನೆ ಅಂತ ಬರೆದಿದ್ದರೆ, ಯಾರ ಹೊಲ ಎಷ್ಟು ಬೆಳೆಯುತ್ತದೆ ಅಂತ ಅವನಿಗೆ ಹೇಗೆ ಗೊತ್ತು? ಕೆಳದಿಯ ಶಿವಪ್ಪ ನಾಯಕನ ‘ಶಿಸ್ತು’, ಅಂದರೆ ಅವನ ಕಂದಾಯದ ಏರ್ಪಾಡು ನೋಡಿ. ಮಣ್ಣಿನ ಗುಣ ನೋಡಿ ಗದ್ದೆಗಳನ್ನು ದರ್ಜೆಗಳಾಗಿ ವಿಂಗಡಿಸಿದ. ವರ್ಷಗಟ್ಟಲೆ ಫಸಲು ಅಳೆದು, ಮೂರರಲ್ಲಿ ಒಂದು ಪಾಲು ಅರಮನೆಗೆ ಅಂತ ಕಂದಾಯ ಕಟ್ಟಿದ ಎನ್ನುತ್ತಾರೆ. ಇಂಥ ಕೆಲಸಕ್ಕೆ ಊರೂರಿಗೆ ಶಾನುಭೋಗ ಬೇಕು. ಅವನ ಕಡತದ ಮುಂದೆ ಮಾಂತ್ರಿಕನ ಗ್ರಂಥ ಏನೂ ಅಲ್ಲ.

ಪ್ರಶ್ನೆ: ನನ್ನ ಕಥೆಯಲ್ಲಿ ವೀರನು ಡ್ರ್ಯಾಗನ್ ಕೊಂದು ಅದರ ಚಿನ್ನವನ್ನೆಲ್ಲ ಊರಿಗೆ ಹಂಚುತ್ತಾನೆ. ಎಲ್ಲರೂ ಶ್ರೀಮಂತರಾದರು ಅಂತ ಮುಗಿಸಬಹುದಾ? (ಸಾಗರದ ಓದುಗರು)

ಉತ್ತರ: ಮುಗಿಸಬೇಡಿ, ಮಜಾ ಇರುವುದೇ ಆಮೇಲೆ. 1324ರಲ್ಲಿ ಮಾಲಿಯ ದೊರೆ ಮಾನ್ಸಾ ಮೂಸಾ ಮೆಕ್ಕಾ ಯಾತ್ರೆಗೆ ಹೊರಟು ಕೈರೋದಲ್ಲಿ ಎಷ್ಟು ಚಿನ್ನ ಚೆಲ್ಲಿದ ಅಂದರೆ, ಅಲ್ಲಿ ಚಿನ್ನದ ಬೆಲೆಯೇ ಬಿತ್ತು. ಸುಮಾರು ಹನ್ನೆರಡು ವರ್ಷ ಕಳೆದರೂ ಅದು ಚೇತರಿಸಿಕೊಂಡಿರಲಿಲ್ಲ ಅಂತ ಆ ಕಾಲದ ಬರಹಗಾರ ಅಲ್ ಉಮರಿ ಹೇಳುತ್ತಾನೆ. ನಿಮ್ಮ ಊರಲ್ಲೂ ಚಿನ್ನ ಬಂತು, ಆದರೆ ಕಣಜದ ಭತ್ತ ಅಷ್ಟೇ ಇದೆ. ಮರುದಿನ ಅಕ್ಕಿ ಬೆಲೆ ಏರುತ್ತದೆ. ನಿಜವಾಗಿ ಗೆಲ್ಲುವವನು ಭತ್ತ ಇಟ್ಟುಕೊಂಡವನು, ಇಲ್ಲವೇ ಸುದ್ದಿ ಕೇಳಿ ಪಕ್ಕದ ಸೀಮೆಯಿಂದ ಎತ್ತು ಹೊಡೆದುಕೊಂಡು ಬಂದವನು. ಸ್ವಲ್ಪ ಸ್ವಲ್ಪವಾಗಿ ಚಿನ್ನ ಅವನ ಜೊತೆ ಘಟ್ಟ ಇಳಿಯುತ್ತದೆ.

ಪ್ರಶ್ನೆ: ಮಾಂತ್ರಿಕ ಮಂತ್ರ ಹಾಕಿ ಅಕ್ಕಿಯನ್ನೇ ಸೃಷ್ಟಿಸಿದರೆ? (ಶಿವಮೊಗ್ಗದ ಓದುಗರು)

ಉತ್ತರ: ಆಗ ಗದ್ದೆ ಉಳುವವರಿಲ್ಲ, ಕಂದಾಯವಿಲ್ಲ, ದೊರೆಯೂ ಇಲ್ಲ. ನಿಮ್ಮ ಕಥೆಯೇ ಹೋಯಿತು. ಅದಕ್ಕಿಂತ ಆಗುಂಬೆಯಂಥ ಘಟ್ಟದ ದಾರಿಯನ್ನು ಆಷಾಢದಲ್ಲೂ ಒಣಗಿಸಿಡುವ ಮಾಂತ್ರಿಕನನ್ನು ತನ್ನಿ. ಸುಂಕ ವರ್ಷಪೂರ್ತಿ ಬರುತ್ತದೆ ಅಂತ ದೊರೆ ಕುಣಿಯುತ್ತಾನೆ. ಮೆಣಸಿನ ಹೇರು ಬಂದರಿಗೆ ಇಳಿದ ಮೇಲೆ ಗೊತ್ತಾಗುತ್ತದೆ, ಮಳೆಗಾಲದಲ್ಲಿ ಹಡಗೇ ಹೊರಡುವುದಿಲ್ಲ.